ಬೇಳೆಯ ಬಣ್ಣ, ಗಿರಾಕಿಯ ಕಣ್ಣು

ಆಳಂದ ತಾಲೂಕಿನ ಜಿಡಗಾ ಗ್ರಾಮದ ಸುತ್ತಲಿನ ಎರೆಯ ಹೊಲಗಳು ದೀಪಾವಳಿಯ ಸುಮಾರಿಗೆ ತೊಗರಿಯ ಹೂವಿನಿಂದ ಹಳದಿಯಾಗಿ ತೋರುವವು. ಆ ಹಳದಿ ನಿಸರ್ಗವು ಕೊಟ್ಟದ್ದು, ಅದರಲ್ಲಿ ಮೋಸವಿಲ್ಲ. ಮುಂದೆ ಸಂಕ್ರಾಂತಿಯ ಹೊತ್ತಿಗೆ ರಾಶಿಯಾಗಿ, ಚೀಲ ತುಂಬಿ, ಕಲಬುರಗಿಯ ಅಡತಿ ಅಂಗಡಿಗೆ ಹೋಗಿ, ಗಿರಣಿ ಹೊಕ್ಕು, ಬೇಳೆಯಾಗಿ ಹೊರಬಿದ್ದು, ಹಲವು ಕೈ ದಾಟಿದ ಮೇಲೆ ಅದೇ ತೊಗರಿಯು ಸಂತೆಯ ಅಂಗಡಿಗೆ ಮರಳಿ ಬರುವದು. ಅಲ್ಲಿ ಬೆಳೆದ ಒಕ್ಕಲಿಗನೇ ಗಿರಾಕಿಯಾಗಿ ನಿಲ್ಲುವನು. ಆಗ ಆತನು ಬೇಳೆಯನ್ನು ಅಂಗೈಯಲ್ಲಿ ಹಿಡಿದು ನೋಡುವದು ಏನನ್ನು? ಬಣ್ಣವನ್ನು ಮತ್ತು ಹೊಳಪನ್ನು. ಹೆಚ್ಚು ಹಳದಿಯಾದದ್ದೂ ಹೆಚ್ಚು ಮಿನುಗುವದೂ ಮೇಲು ಮಾಲೆಂದು ಆರಿಸಿಕೊಳ್ಳುವನು. ಬೆಳೆದವನೇ ತನ್ನ ಬೆಳೆಯ ಗುರುತು ಮರೆತ ಮೇಲೆ, ಪಟ್ಟಣದಲ್ಲಿ ಕುಳಿತು ಉಣ್ಣುವ ನಮ್ಮಂಥವರ ಮಾತೇನು?

ಇದು ಸಣ್ಣ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಈ ಒಂದು ಕಣ್ಣಿನ ಚಾಳಿಯ ಮೇಲೆ ಇಡೀ ಒಂದು ಕಲಬೆರಕೆಯ ವ್ಯಾಪಾರವೇ ನಿಂತಿದೆ ಎಂಬುದನ್ನು ನಾವು ವಾಚಕರ ಲಕ್ಷ್ಯಕ್ಕೆ ತರಬಯಸುತ್ತೇವೆ. ಆಹಾರದ ಶುದ್ಧತೆಯು ಕೇವಲ ರಸಾಯನಶಾಸ್ತ್ರಜ್ಞನ ಸೊತ್ತಲ್ಲ. ವೈದ್ಯನೂ, ಯಂತ್ರಜ್ಞನೂ, ಗಿರಾಕಿಯ ಮನಸ್ಸನ್ನು ಅರಿತವನೂ ಕೂಡಿ ಕುಳಿತಲ್ಲದೆ ಅದು ಸಾಧಿಸದು ಎಂದು ಈಚಿನ ವಿದ್ವಾಂಸರು ಹೇಳತೊಡಗಿದ್ದಾರೆ. ಈ ಮಾತಿನ ಸತ್ಯವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ತೊಗರಿಬೇಳೆಯೊಂದೇ ಸಾಕು.

ಬೇಳೆಯನ್ನು ಹಳದಿ ಮಾಡಲು ಕೆಲವರು ಬಳಸುವ ಬಣ್ಣಕ್ಕೆ ಮೆಟಾನಿಲ್ ಯೆಲ್ಲೋ ಎಂದು ಹೆಸರು. ಅದು ಬಟ್ಟೆ, ತೊಗಲು, ಕಾಗದಗಳಿಗಾಗಿ ಹುಟ್ಟಿದ ಬಣ್ಣ, ಹೊಟ್ಟೆಗಾಗಿ ಹುಟ್ಟಿದ್ದಲ್ಲ. ನಮ್ಮ ದೇಶದ ನಿಯಮಗಳು ಆಹಾರದಲ್ಲಿ ಎಂಟು ಕೃತಕ ಬಣ್ಣಗಳಿಗೆ ಮಾತ್ರ, ಅದೂ ಗೊತ್ತುಪಡಿಸಿದ ಕೆಲವು ತಿನಿಸುಗಳಲ್ಲಿ, ಗೊತ್ತುಪಡಿಸಿದ ಪ್ರಮಾಣದಲ್ಲಿ ಅನುಮತಿ ಕೊಟ್ಟಿವೆ. ಮೆಟಾನಿಲ್ ಯೆಲ್ಲೋ ಆ ಎಂಟರಲ್ಲಿ ಇಲ್ಲ. ಬೇಳೆಕಾಳುಗಳಿಗಂತೂ ಯಾವ ಬಣ್ಣವನ್ನೂ ಹಚ್ಚುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶೋಧಕರು ಇಲಿಗಳಿಗೆ ದೀರ್ಘಕಾಲ ಈ ಬಣ್ಣವನ್ನು ಉಣಿಸಿ ಪರೀಕ್ಷಿಸಿ, ಅವುಗಳ ಮಿದುಳಿನೊಳಗಿನ ರಾಸಾಯನಿಕಗಳಲ್ಲಿಯೂ ಕಲಿಯುವ ಶಕ್ತಿಯಲ್ಲಿಯೂ ವ್ಯತ್ಯಾಸವಾಗುವದನ್ನು ೧೯೯೩ ರಲ್ಲಿ ಪ್ರಕಟಿಸಿದರು. ಇಲಿಗೆ ಆದದ್ದು ಮನುಷ್ಯನಿಗೂ ಹಾಗೆಯೇ ಆಗುವದೆಂದು ನಾವು ಹೇಳಲಾರೆವು. ಆದರೆ ಕಲಿಯುವ ವಯಸ್ಸಿನ ಮಕ್ಕಳ ತಾಟಿನಲ್ಲಿ ಅದನ್ನು ಇಟ್ಟು ಪರೀಕ್ಷೆ ನೋಡುವ ಅಧಿಕಾರ ಯಾರಿಗೂ ಇಲ್ಲ.

ಬಣ್ಣದ ಜೊತೆಗೇ ಇನ್ನೊಂದು ಮೋಸವುಂಟು. ತೊಗರಿಬೇಳೆಯಲ್ಲಿ ಕೇಸರಿಬೇಳೆಯನ್ನು ಬೆರಸುವದು. ಕೇಸರಿಯು ಬರಗಾಲದಲ್ಲಿಯೂ ಬೆಳೆಯುವ ಅಗ್ಗದ ಕಾಳು. ಅದನ್ನೇ ತಿಂಗಳುಗಟ್ಟಲೆ ಉಂಡ ಮಧ್ಯಪ್ರದೇಶದ ಬಡ ಕೂಲಿಕಾರರು ಕಾಲುಗಳ ಸ್ವಾಧೀನ ತಪ್ಪಿ ಕೋಲೂರಿ ನಡೆಯಬೇಕಾಯಿತು. ೧೯೬೧ ರಲ್ಲಿ ಅದರ ಮಾರಾಟವನ್ನು ನಿಷೇಧಿಸುವ ನಿಯಮ ಬಂದಿತು. ಆ ಕಾಳಿನೊಳಗಿನ ವಿಷವು ಯಾವುದೆಂದು ಬೇರ್ಪಡಿಸಿ ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್, ಅಡಿಗ ಮತ್ತು ಶರ್ಮಾ ಎಂಬ ಮೂವರು ಪ್ರಮುಖರು. ಅದು ೧೯೬೪ ರ ಮಾತು. ತೊಗರಿಯ ಬೇಳೆ ದುಂಡಗೆ ಇರುವದು. ಕೇಸರಿಯದು ಕೊಡಲಿಯ ಬಾಯಂತೆ ಒಂದು ಕಡೆಗೆ ಇಳಿಜಾರಾಗಿರುವದು. ಮೈತುಂಬ ಹಳದಿ ಬಳಿದು ಮೆರುಗು ಕೊಟ್ಟ ಮೇಲೆ ಈ ಭೇದವು ಅವಸರದ ಕಣ್ಣಿಗೆ ಕಾಣಿಸದು. ಬಣ್ಣವು ತಾನೊಂದು ಮೋಸವಾಗಿರುವದಲ್ಲದೆ ಇನ್ನೊಂದು ಮೋಸಕ್ಕೆ ಹೊದಿಕೆಯೂ ಆಗಿರುವದು ಹೀಗೆ.

ಇನ್ನು ಯಂತ್ರದ ಮಾತು. ತೊಗರಿಯ ಸಿಪ್ಪೆಯು ಕಾಳಿಗೆ ಒಂದು ಬಗೆಯ ಅಂಟಿನಿಂದ ಬಿಗಿಯಾಗಿ ಹತ್ತಿಕೊಂಡಿರುವದರಿಂದ ಅದನ್ನು ಬಿಡಿಸುವದು ಕಷ್ಟ. ನಮ್ಮ ಅಜ್ಜಿಯಂದಿರು ಕಾಳು ನೆನೆಯಿಟ್ಟು, ಕೆಮ್ಮಣ್ಣು ಹಚ್ಚಿ, ಬಿಸಿಲಿಗೆ ಹಾಕಿ, ಬೀಸುವ ಕಲ್ಲಿನಲ್ಲಿ ಒಡೆಯುತ್ತಿದ್ದರು. ಗಿರಣಿಗಳು ಎಣ್ಣೆ ಸವರಿ, ನೀರು ಚಿಮುಕಿಸಿ, ದಿನಗಟ್ಟಲೆ ಒಣಗಿಸಿ ಆ ಕೆಲಸವನ್ನೇ ದೊಡ್ಡದಾಗಿ ಮಾಡಿದವು. ೧೯೫೦ ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು, ಬಿಸಿಗಾಳಿಯಿಂದ ಕಾಳನ್ನು ಹದಕ್ಕೆ ತಂದು ಸಿಪ್ಪೆ ತೆಗೆಯುವ ವಿಧಾನವನ್ನೂ, ಹಳ್ಳಿಗೆ ಸಾಕಾಗುವ ಸಣ್ಣ ಬೇಳೆಯಂತ್ರವನ್ನೂ ರೂಪಿಸಿಕೊಟ್ಟಿತು. ಇವುಗಳಲ್ಲಿ ಯಾವ ವಿಧಾನಕ್ಕೂ ಬಣ್ಣದ ಅವಶ್ಯಕತೆಯಿಲ್ಲ. ಕೊನೆಗೆ ಕೊಡುವ ಮೆರುಗಂತೂ ಬೇಳೆಗೆ ರುಚಿಯನ್ನಾಗಲಿ ಸತ್ವವನ್ನಾಗಲಿ ಕೂಡಿಸುವದಿಲ್ಲ. ಅದು ಕೇವಲ ಗಿರಾಕಿಯ ಕಣ್ಣಿಗಾಗಿ ಮಾಡುವ ಶೃಂಗಾರ.

ಹೀಗಿರಲು ದೋಷ ಯಾರದು? ವ್ಯಾಪಾರಿಯನ್ನು ಕೇಳಿದರೆ, ಗಿರಾಕಿ ಬಯಸಿದ್ದನ್ನು ನಾನು ಕೊಡುತ್ತೇನೆ ಎನ್ನುವನು. ಗಿರಾಕಿಯನ್ನು ಕೇಳಿದರೆ, ಅಂಗಡಿಯಲ್ಲಿ ಇದ್ದುದನ್ನು ನಾನು ಕೊಳ್ಳುತ್ತೇನೆ ಎನ್ನುವನು. ಅಧಿಕಾರಿಯನ್ನು ಕೇಳಿದರೆ, ಜನ ಸಾಲದು ಎನ್ನುವನು. ಮೂವರ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಮೂರೂ ಕೂಡಿದರೆ ಯಾರ ಮೇಲೂ ಹೊಣೆಯಿಲ್ಲವೆಂದಾಗುವದು. ಕಲಬುರಗಿಯ ಗಿರಣಿಯವರೆಲ್ಲ ಬಣ್ಣ ಕಲಸುವವರೆಂದು ನಾವು ಎಂದಿಗೂ ಹೇಳುವದಿಲ್ಲ. ಪ್ರಾಮಾಣಿಕನಾದ ಗಿರಣಿಯವನೇ ಈ ಕಣ್ಣಿನ ಚಾಳಿಗೆ ಮೊದಲು ಬಲಿಯಾಗುವವನು. ಏಕೆಂದರೆ ಆತನ ಮಾಸಲು ಬೇಳೆಯು ಬಣ್ಣದ ಬೇಳೆಯ ಮಗ್ಗುಲಲ್ಲಿ ಕೀಳಾಗಿ ಕಾಣುವದು. ೨೦೧೯ ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ತೊಗರಿಯ ಕಣಜವೆನಿಸಿದ ನಾಡಿಗೆ ಇದು ಅಭಿಮಾನದ ಸಂಗತಿಯೇ ಸರಿ. ಆದರೆ ಮೊಜಾಂಬಿಕ್, ಮ್ಯಾನ್ಮಾರ್ ಮೊದಲಾದ ಕಡೆಗಳಿಂದ ಬಂದ ತೊಗರಿಯೂ ಮಾರುಕಟ್ಟೆಯಲ್ಲಿರುವಾಗ, ಎಲ್ಲಕ್ಕೂ ಒಂದೇ ಹಳದಿ ಬಳಿದರೆ ಜಿಡಗಾದ ಒಕ್ಕಲಿಗನ ಬೆಳೆಗೆ ಗುರುತು ಎಲ್ಲಿ ಉಳಿಯುವದು? ಬಣ್ಣವು ಉಣ್ಣುವವನ ಆರೋಗ್ಯವನ್ನು ಕೆಡಿಸುವ ಮೊದಲೇ ಬೆಳೆಯುವವನ ಹೆಸರನ್ನು ಅಳಿಸುವದು.

ನಿಷೇಧವೊಂದರಿಂದಲೇ ಎಲ್ಲವೂ ಸರಿಹೋಗುವದೆಂದು ನಂಬುವವರು ೨೦೨೪ ರ ಅನುಭವವನ್ನು ನೆನೆಯಬೇಕು. ಆ ವರ್ಷದ ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರವು ಗೋಬಿ ಮಂಚೂರಿಯ ೧೭೧ ಮಾದರಿಗಳನ್ನು ಪರೀಕ್ಷಿಸಿದಾಗ ೧೦೭ ರಲ್ಲಿ ಅಪಾಯಕರ ಬಣ್ಣಗಳು ಕಂಡುಬಂದವೆಂದು ತಿಳಿಸಿ, ಅಂಥ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಜೂನ್ ತಿಂಗಳಲ್ಲಿ ಕಬಾಬಿನ ಸರದಿ ಬಂದಿತು. ಆಜ್ಞೆಯು ಸ್ವಾಗತಾರ್ಹವೇ. ಆದರೆ ಕೆಂಪಗಿದ್ದರೆ ಮಾತ್ರ ರುಚಿಯೆಂಬ ಭ್ರಮೆ ತಿನ್ನುವವನಲ್ಲಿ ಉಳಿದಿರುವವರೆಗೆ, ಒಂದು ಬಣ್ಣ ಹೋದರೆ ಇನ್ನೊಂದು ಬಣ್ಣ ಬರುವದು. ಒಂದು ತಿನಿಸನ್ನು ಬಿಟ್ಟು ಇನ್ನೊಂದನ್ನು ಹಿಡಿಯುವದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಸರಕಾರವು ತಾನೇ ಒಬ್ಬ ದೊಡ್ಡ ಗಿರಾಕಿಯೆಂಬುದನ್ನು ಅರಿಯಬೇಕು. ೨೦೦೨ ರಲ್ಲಿ ಕಲಬುರಗಿಯೂ ಸೇರಿ ಈಶಾನ್ಯದ ಏಳು ಜಿಲ್ಲೆಗಳಲ್ಲಿಯೇ ಅಕ್ಷರ ದಾಸೋಹವು ಮೊದಲು ಆರಂಭವಾಯಿತು. ಶಾಲೆಯ ಊಟ, ಅಂಗನವಾಡಿ, ವಿದ್ಯಾರ್ಥಿನಿಲಯಗಳಿಗೆ ಕೊಳ್ಳುವ ಬೇಳೆಯು ಬಣ್ಣವಿಲ್ಲದ್ದೂ ಮೆರುಗಿಲ್ಲದ್ದೂ ಪರೀಕ್ಷೆಯಾದದ್ದೂ ಆಗಿರಬೇಕೆಂದು ಗುತ್ತಿಗೆಯ ಕರಾರಿನಲ್ಲಿಯೇ ಬರೆದರೆ, ಮಾಸಲು ಬೇಳೆಗೆ ಒಮ್ಮೆಲೆ ಮರ್ಯಾದೆ ಬರುವದು. ನಮ್ಮ ಮಠಗಳಿಗೂ ಇದೇ ಮಾತು. ಜಿಡಗಾದ ಮಠದ ಹೆಸರನ್ನು ಕೇಳದವರು ಈ ಭಾಗದಲ್ಲಿ ವಿರಳ. ಇಂಥ ಮಠಗಳ ಉಗ್ರಾಣದವರು ಬಣ್ಣದ ಬೇಳೆ ನಮಗೆ ಬೇಡವೆಂದು ಒಮ್ಮೆ ಹೇಳಿದರೆ, ಅದು ನೂರು ಸುತ್ತೋಲೆಗಳಿಗಿಂತ ಬೇಗನೆ ಹಳ್ಳಿಗಳನ್ನು ಮುಟ್ಟುವದು.

ಎರಡನೆಯದಾಗಿ, ಪರೀಕ್ಷೆಯು ಸಂತೆಯ ಸಮೀಪಕ್ಕೆ ಬರಬೇಕು. ವಿಭಾಗೀಯ ಆಹಾರ ಪ್ರಯೋಗಾಲಯವು ಕಲಬುರಗಿಯಲ್ಲಿದೆ. ಪಾವು ಸೇರು ಬೇಳೆ ಕೊಂಡ ಬಡವನು ಅದಕ್ಕಾಗಿ ಆಳಂದ, ಅಫಜಲಪುರ, ಜೇವರ್ಗಿಗಳಿಂದ ಅಲ್ಲಿಗೆ ಹೋಗಲಾರ. ಆದರೆ ತಾಲೂಕಿನ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರ ಕಪಾಟಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುವದು. ಬೇಳೆಯನ್ನು ನೀರಿನಲ್ಲಿ ಅಲುಗಾಡಿಸಿ, ಆ ನೀರಿಗೆ ಆಮ್ಲದ ಕೆಲವು ಹನಿ ಬಿಟ್ಟಾಗ ನಸುಗೆಂಪು ಬಣ್ಣ ಬಂದರೆ ಸಂಶಯಕ್ಕೆ ಕಾರಣವುಂಟು. ಅರಿಷಿಣವೂ ಹೀಗೆ ಕೆಂಪಾಗುವದುಂಟು. ಆದರೆ ಹೆಚ್ಚು ನೀರು ಹೊಯ್ದರೆ ಅದರ ಕೆಂಪು ಹೋಗುವದು, ಮೆಟಾನಿಲ್ಲಿನದು ಹೋಗದು. ಕೇಸರಿಬೇಳೆಯೂ ಆಮ್ಲದಲ್ಲಿ ಕಾಯಿಸಿದಾಗ ಕೆಂಪಾಗುವದು. ಆದುದರಿಂದ ಇದು ಎಚ್ಚರಿಕೆಯ ಗಂಟೆಯೇ ಹೊರತು ತೀರ್ಪಲ್ಲ. ಅರೆತಿಳುವಳಿಕೆಯಿಂದ ಪ್ರಾಮಾಣಿಕ ಅಂಗಡಿಕಾರನ ಹೆಸರು ಕೆಡಿಸಬಾರದು. ಆಮ್ಲವನ್ನು ಮನೆಯಲ್ಲಿ ಮಕ್ಕಳ ಕೈಗೆ ಕೊಡಲೂ ಬಾರದು. ಶಿಕ್ಷಕರ ಎದುರಿನಲ್ಲಿ, ಸಂತೆಯ ದಿನ ಒಂದು ಗಂಟೆ ಈ ಕೆಲಸ ನಡೆದರೆ ಸಾಕು.

ತೀರ್ಪಿಗೆ ದಾರಿಯನ್ನು ಕಾಯದೆಯೇ ತೋರಿಸಿದೆ. ೨೦೦೬ ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯದೆಯ ೪೦ನೆಯ ಕಲಮಿನ ಪ್ರಕಾರ, ಕೊಳ್ಳುವ ಯಾವನೇ ಆಗಲಿ, ಕೊಳ್ಳುವ ಹೊತ್ತಿಗೆ ಅಂಗಡಿಕಾರನಿಗೆ ತಿಳಿಸಿ, ಶುಲ್ಕ ಕೊಟ್ಟು, ಆ ಪದಾರ್ಥವನ್ನು ಆಹಾರ ವಿಶ್ಲೇಷಕನಿಂದ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಕೊಟ್ಟ ಶುಲ್ಕ ಮರಳಿ ಬರುವದು. ಈ ಹಕ್ಕು ಇರುವದನ್ನು ಎಷ್ಟು ಮಂದಿ ಬಲ್ಲರು? ಪ್ರತಿ ಪಂಚಾಯತಿಯ ಗೋಡೆಯ ಮೇಲೆ ಇದನ್ನು ಸ್ವಚ್ಛ ಕನ್ನಡದಲ್ಲಿ ಬರೆಯಿಸುವದಕ್ಕೆ ಹೊಸ ಕಾಯದೆ ಬೇಕಾಗಿಲ್ಲ. ಒಂದು ಡಬ್ಬಿ ಸುಣ್ಣ, ಒಂದು ಕುಂಚ ಸಾಕು.

ಕೊನೆಯದಾಗಿ ನಮ್ಮ ಮಾತು. ಈ ಲೇಖನವನ್ನು ಓದುವವರು ಬಹುಶಃ ಇಂದು ಸಂಜೆಯೇ ಅಂಗಡಿಗೆ ಹೋಗುವರು. ಚಿನ್ನದಂತೆ ಮಿನುಗುವ ಬೇಳೆಯನ್ನು ಬದಿಗಿರಿಸಿ, ಮಾಸಲು ಬಣ್ಣದ, ಮೈಮೇಲೆ ತುಸು ಹುಡಿ ಇರುವ ಬೇಳೆಯನ್ನು ಕೇಳಿ ಕೊಳ್ಳಲಿ. ಮನೆಯಲ್ಲಿ ಯಾರಾದರೂ ಇದೇಕೆ ಇಂಥದ್ದು ತಂದಿರಿ ಎಂದು ಕೇಳಿದರೆ, ತೊಗರಿಯ ಬೇಳೆ ಇರುವದೇ ಹೀಗೆ ಎಂದು ಹೇಳಲಿ. ಬರುವ ಸುಗ್ಗಿಯ ಒಳಗಾಗಿ ಜಿಲ್ಲೆಯ ಅಧಿಕಾರಿವರ್ಗವು ಶಾಲೆಯ ಊಟದ ಬೇಳೆಯಿಂದಲೇ ಈ ಕಾರ್ಯಕ್ಕೆ ಆರಂಭ ಮಾಡುವದೆಂದು ನಾವು ನಿರೀಕ್ಷಿಸುತ್ತೇವೆ.