ಟೋಪಿ ಧರಿಸಿ ಮನೆಯೊಳಗೆ ಬರುವ ಧಾರಾವಾಹಿಗಳು

ಕಳೆದ ವರ್ಷ ಒಂದು ಸಂಜೆ ಮದ್ರಸಾದಲ್ಲಿ ಮಕ್ಕಳಿಗೆ ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ಹೇಳುತ್ತಿದ್ದೆ. ಹತ್ತು ವರ್ಷದ ಬಾಲಕನೊಬ್ಬ ಎದ್ದು ನಿಂತು, “ಉಸ್ತಾದ್, ಅವರ ಮುಖವನ್ನು ನಾನು ನೋಡಿದ್ದೇನೆ” ಎಂದ. ನಾನು ತಡವರಿಸಿದೆ. ಅವನು ಅಲ್ಲಿಗೆ ನಿಲ್ಲಲಿಲ್ಲ. ಮುದುಕಿಯಾಗಿ ಕಣ್ಣು ಕಳೆದುಕೊಂಡ ಝುಲೈಖಾ ಮತ್ತೆ ಯುವತಿಯಾಗಿ ಯೂಸುಫರನ್ನು ಮದುವೆಯಾದದ್ದನ್ನು ನಾನೇಕೆ ಬಿಟ್ಟುಬಿಟ್ಟೆ ಎಂದು ಕೇಳಿದ. ತರಗತಿಯ ಅರ್ಧದಷ್ಟು ಮಕ್ಕಳು ತಲೆಯಾಡಿಸಿದರು. ಅವರೂ ನೋಡಿದ್ದರು.

ಅವರು ನೋಡಿದ್ದು 2008ರಲ್ಲಿ ಇರಾನಿನಲ್ಲಿ ಪ್ರಸಾರವಾದ, ಫರಜುಲ್ಲಾ ಸಲಹ್‌ಶೂರ್ ನಿರ್ದೇಶಿಸಿದ 45 ಕಂತುಗಳ ಧಾರಾವಾಹಿ. ಉರ್ದುವಿಗೆ ಡಬ್ ಆಗಿ ಅದು ನಮ್ಮ ಮನೆಗಳನ್ನು ಪ್ರವೇಶಿಸಿ ವರ್ಷಗಳೇ ಕಳೆದಿವೆ. ಸೂರಃ ಯೂಸುಫ್‌ನಲ್ಲಿ 111 ಆಯತ್‌ಗಳಿವೆ. ಅಲ್ಲಾಹನೇ ಅದನ್ನು ಅತ್ಯುತ್ತಮ ವೃತ್ತಾಂತವೆಂದು ಕರೆದಿದ್ದಾನೆ. ಆ 111 ಆಯತ್‌ಗಳಲ್ಲಿ ಎಲ್ಲಿಯೂ ಝುಲೈಖಾ ಎಂಬ ಹೆಸರಿಲ್ಲ. ಅಲ್ಲಿರುವುದು ಅಝೀಝನ ಪತ್ನಿ ಎಂದಷ್ಟೇ. ಆಕೆಗೆ ಯೌವನ ಮರಳಿದ ಸುದ್ದಿಯಿಲ್ಲ, ವಿವಾಹದ ಸುದ್ದಿಯೂ ಇಲ್ಲ. ಬಾಗಿಲು ಮುಚ್ಚಿದ ಆ ಪ್ರಸಂಗವನ್ನು ಕುರ್‌ಆನ್ ಕೆಲವೇ ಆಯತ್‌ಗಳಲ್ಲಿ, ಎಷ್ಟು ಸಂಯಮದಿಂದ ಹೇಳಿ ಮುಂದೆ ಸಾಗುತ್ತದೆಯೆಂದರೆ, ತಂದೆ ಮಗಳಿಗೆ ಅದನ್ನು ಮುಜುಗರವಿಲ್ಲದೆ ಓದಿ ಹೇಳಬಹುದು. ಧಾರಾವಾಹಿಗೆ ಅಷ್ಟು ಸಾಲದು. ಅದಕ್ಕೆ ಕಂತುಗಳು ತುಂಬಬೇಕು.

ಇಂತಹ ಕಥೆಗಳು ಹಳೆಯ ತಫ್ಸೀರ್ ಗ್ರಂಥಗಳಲ್ಲಿಯೂ ಇವೆಯಲ್ಲ ಎಂದು ಯಾರಾದರೂ ಹೇಳಬಹುದು. ನಿಜ, ಇವೆ. ಆದರೆ ವಿದ್ವಾಂಸರು ಅವನ್ನು ಇಸ್ರಾಈಲೀ ಕಥನಗಳೆಂದು ಗುರುತಿಸಿದ್ದಾರೆ. ಯಾರು ಹೇಳಿದರು, ಸನದ್ ಎಷ್ಟು ಬಲವಾದುದು ಎಂದು ತೂಗಿ ನೋಡಿದ್ದಾರೆ. ಪರದೆಯ ಮೇಲೆ ಸನದ್ ಇರುವುದಿಲ್ಲ. ಅಲ್ಲಿ ಆಯತ್ತೂ ಕಟ್ಟುಕಥೆಯೂ ಒಂದೇ ಬೆಳಕಿನಲ್ಲಿ, ಒಂದೇ ಸಂಗೀತದೊಂದಿಗೆ ಬರುತ್ತವೆ. ಅವುಗಳನ್ನು ಬೇರ್ಪಡಿಸುವ ಹೊಣೆಯನ್ನು ನಾವು ಹತ್ತು ವರ್ಷದ ಮಗುವಿನ ಮೇಲೆ ಹೊರಿಸಿದ್ದೇವೆ.

ನನ್ನ ತಕರಾರು ಇರುವುದು ನಮ್ಮ ಕೈಯಲ್ಲಿರುವ ಎರಡು ತಕ್ಕಡಿಗಳ ಬಗ್ಗೆ. ಕನ್ನಡ ಚಾನೆಲ್‌ನ ಅತ್ತೆ-ಸೊಸೆ ಧಾರಾವಾಹಿ ಬಂದೊಡನೆ ರಿಮೋಟ್ ಹುಡುಕುವ ಕೈಯೇ, ಪೇಟ ಕಟ್ಟಿದವರು ಕುದುರೆಯೇರಿ ಬಂದರೆ ಇಡೀ ಕುಟುಂಬವನ್ನು ಕರೆದು ಕೂರಿಸುತ್ತದೆ. “ಇದಾದರೂ ಇಸ್ಲಾಮೀ ಅಲ್ಲವೇ?” ಎಂಬ ಒಂದು ಮಾತಿನಿಂದ ಎಲ್ಲ ಪ್ರಶ್ನೆಗಳೂ ಮುಗಿದುಹೋಗುತ್ತವೆ. ನಾನು ಇದನ್ನು ಒಪ್ಪಲಾರೆ. ತನ್ನದೇ ಮುಖದಲ್ಲಿ ಬರುವ ಕೆಡುಕನ್ನು ನಮ್ಮ ಅಜ್ಜಿಯಂದಿರೂ ಗುರುತಿಸುತ್ತಾರೆ. ಸಲಾಂ ಹೇಳುತ್ತಾ ಒಳಬರುವ ಸುಳ್ಳಿಗೆ ನಾವೇ ಚಹಾ ಕೊಟ್ಟು ಕೂರಿಸುತ್ತೇವೆ.

ಎರ್ತುಗ್ರುಲ್ ಧಾರಾವಾಹಿಯನ್ನೇ ತೆಗೆದುಕೊಳ್ಳಿ. 2014ರಿಂದ 2019ರವರೆಗೆ ತುರ್ಕಿಯ ಸರಕಾರಿ ವಾಹಿನಿಯಲ್ಲಿ ಪ್ರಸಾರವಾದ ಇದು, 2020ರ ರಮಝಾನಿನಲ್ಲಿ ಪಾಕಿಸ್ತಾನದ ಸರಕಾರಿ ವಾಹಿನಿ ಉರ್ದುವಿನಲ್ಲಿ ಪ್ರಸಾರ ಮಾಡತೊಡಗಿದ ಮೇಲೆ ಯೂಟ್ಯೂಬ್ ಮೂಲಕ ನಮ್ಮ ಮೊಬೈಲುಗಳಿಗೂ ಬಂತು. ಲಾಕ್‌ಡೌನ್ ಕಾಲ, ಮಸೀದಿಗಳು ಮುಚ್ಚಿದ್ದವು. ತರಾವೀಹ್ ಮನೆಯಲ್ಲೇ ನಿರ್ವಹಿಸಬೇಕಿತ್ತು. ಎಷ್ಟು ಮನೆಗಳಲ್ಲಿ ನಮಾಝ್ ಎಂಟು ರಕಅತ್‌ಗೆ ಅವಸರದಿಂದ ಮುಗಿದು ಪರದೆ ಹೊತ್ತಿಕೊಂಡಿತೆಂಬುದು ಆಯಾ ಮನೆಯವರಿಗೇ ಗೊತ್ತು. ಮೂಲ ತುರ್ಕಿಯಲ್ಲಿ 150 ಕಂತುಗಳು, ಪ್ರತಿ ಕಂತು ಹೆಚ್ಚುಕಡಿಮೆ ಎರಡು ಗಂಟೆ. ಒಟ್ಟು 300 ಗಂಟೆಗಳು. ಒಂದು ಜುಝ್‌ಅ ಓದಲು ಒಂದು ಗಂಟೆ ಎಂದಿಟ್ಟರೂ ಅಷ್ಟು ಸಮಯದಲ್ಲಿ ಹತ್ತು ಬಾರಿ ಕುರ್‌ಆನ್ ಖತಂ ಆಗುತ್ತಿತ್ತು.

ಸಮಯದ ಮಾತು ಹಾಗಿರಲಿ. ಅದರಲ್ಲಿರುವುದು ಇತಿಹಾಸವೇ? ಉಸ್ಮಾನ್ ತನ್ನ ನಾಣ್ಯದ ಮೇಲೆ ತಂದೆ ಎರ್ತುಗ್ರುಲ್‌ನ ಹೆಸರನ್ನು ಬರೆಸಿದ್ದಾನೆ. ಅದರಾಚೆ ಆ ಕಾಲದ ದಾಖಲೆಗಳು ಅವನ ಬಗ್ಗೆ ಹೇಳುವುದು ಅತ್ಯಲ್ಪ. ಉಸ್ಮಾನಿಯಾ ಚರಿತ್ರೆಗಳು ಬರೆಯಲ್ಪಟ್ಟದ್ದು ಅವನು ತೀರಿಕೊಂಡ ಸುಮಾರು ನೂರು ವರ್ಷಗಳಾದ ನಂತರ. ಹಾಗಾದರೆ ಆ ನೂರಾರು ಗಂಟೆಗಳ ಸಂಭಾಷಣೆ, ಪಿತೂರಿ, ಕತ್ತಿವರಸೆಗಳೆಲ್ಲ ಎಲ್ಲಿಂದ ಬಂದವು? ಲೇಖಕರ ಮೇಜಿನಿಂದ. ಅವರು ಕಥೆ ಬರೆದದ್ದು ತಪ್ಪಲ್ಲ, ನಾವು ಅದನ್ನು ತಾರೀಖ್ ಎಂದು ಓದಿದ್ದು ತಪ್ಪು. 1240ರಲ್ಲಿ ದಮಸ್ಕಸ್‌ನಲ್ಲಿ ನಿಧನರಾದ ಇಬ್ನು ಅರಬೀಯವರು ಅದರಲ್ಲಿ ಎರ್ತುಗ್ರುಲ್‌ನ ಕಷ್ಟಕಾಲಕ್ಕೆ ಸರಿಯಾಗಿ ಬಂದು ನಿಲ್ಲುತ್ತಾರೆ. ಅವರಿಬ್ಬರೂ ಪರಸ್ಪರ ಭೇಟಿಯಾದುದಕ್ಕೆ ಪುರಾವೆಯಿಲ್ಲ.

ಕಾಯಿ ಬುಡಕಟ್ಟಿನ ಡೇರೆಗಳ ಹೆಸರು ಹೇಳಬಲ್ಲ ನಮ್ಮ ಹುಡುಗರಿಗೆ, ಸುಮಾರು 1400ರಲ್ಲಿ ಕಲಬುರಗಿಗೆ ಬಂದು 1422ರಲ್ಲಿ ಇಲ್ಲೇ ಮಣ್ಣಾದ ಖ್ವಾಜಾ ಬಂದೇನವಾಝರ ಬಗ್ಗೆ ನಾಲ್ಕು ವಾಕ್ಯ ಹೇಳಲು ಬರುವುದಿಲ್ಲ. ನಾವು ಹುಟ್ಟಿದ ನೆಲದಲ್ಲಿ ದೀನ್ ಬೇರೂರಿದ ಬಗೆ ಬೇರೆ. ಪ್ರತಿ ಕಂತಿನಲ್ಲಿಯೂ ತಲೆಗಳು ಉರುಳುವುದನ್ನು ಕಂಡ ಹುಡುಗನಿಗೆ, ಪಕ್ಕದ ಮನೆಯವನೊಂದಿಗೆ ಊಟ ಹಂಚಿಕೊಂಡು ಬದುಕುವ ಇಸ್ಲಾಮ್ ಸಪ್ಪೆಯಾಗಿ ಕಂಡರೆ ಆಶ್ಚರ್ಯವೇನು?

ಇಷ್ಟು ಹೇಳಿದ ಮಾತ್ರಕ್ಕೆ ನಾನು ಟಿವಿ ಒಡೆಯುವವರ ಪಕ್ಷವಲ್ಲ. ಈದ್ ದಿನ ಮಸೀದಿಯಲ್ಲಿ ಅಬಿಸೀನಿಯದವರು ಈಟಿಗಳೊಂದಿಗೆ ಆಡುತ್ತಿದ್ದಾಗ ಪ್ರವಾದಿ(ಸ)ರು ಆಯಿಶಾ(ರ)ರಿಗೆ ಮರೆಯಾಗಿ ನಿಂತು, ಆಕೆಗೆ ಸಾಕೆನಿಸುವವರೆಗೂ ನೋಡಲು ಬಿಟ್ಟರೆಂದು ಬುಖಾರಿಯಲ್ಲಿದೆ. ನೋಡುವ ಸಂತೋಷವನ್ನು ದೀನ್ ಕಿತ್ತುಕೊಂಡಿಲ್ಲ. ಮುಸ್ತಫಾ ಅಕ್ಕಾದ್‌ರ 1976ರ ‘ದ ಮೆಸೇಜ್’ ಚಿತ್ರದಲ್ಲಿ ಪ್ರವಾದಿ(ಸ)ರ ಆಕಾರವೂ ಇಲ್ಲ, ಧ್ವನಿಯೂ ಇಲ್ಲ. ಆ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ. 2012ರ ‘ಉಮರ್’ ಧಾರಾವಾಹಿ ಖಲೀಫರ ಮುಖಗಳನ್ನೇ ತೋರಿಸಿತು. ಹೆಸರಾಂತ ಕೆಲವು ವಿದ್ವಾಂಸರು ಅದರ ಕಥೆಯನ್ನು ಪರಿಶೀಲಿಸಿದ್ದರು, ಅಲ್-ಅಝ್ಹರ್ ವಿರೋಧಿಸಿತು. ಅಷ್ಟು ದೊಡ್ಡವರೇ ಒಮ್ಮತಕ್ಕೆ ಬಾರದ ವಿಷಯವನ್ನು ನಾವು ರಿಮೋಟ್ ಒತ್ತಿ ಇತ್ಯರ್ಥಪಡಿಸುವುದು ಮಾತ್ರ ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು ಗಂಡಸರಿಗೆ. ಧಾರಾವಾಹಿ ಎಂದೊಡನೆ ಜುಮಾ ಪ್ರವಚನಗಳಲ್ಲಿ ಹೆಂಗಸರಿಗೆ ಬೈಗುಳ ಸಿದ್ಧವಾಗಿರುತ್ತದೆ. ಸೂರಃ ನೂರ್‌ನಲ್ಲಿ ದೃಷ್ಟಿಯನ್ನು ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಗಂಡಸರಿಗೆ, 30ನೇ ಆಯತ್‌ನಲ್ಲಿ. ಹೆಂಗಸರಿಗೆ ಅದರ ನಂತರ. ನಡುರಾತ್ರಿ ಹೊದಿಕೆಯೊಳಗೆ ಬೆಳಗುವ ಮೊಬೈಲ್ ಯಾರದೆಂದು ನಾವೇ ಹೇಳಿಕೊಳ್ಳಬೇಕಾಗಿದೆ. ‘ನಮ್ಮ ಮನೆಯಲ್ಲಿ ಟಿವಿಯೇ ಇಲ್ಲ’ ಎಂದು ಹೆಮ್ಮೆಪಡುವ ಮನೆಗಳಲ್ಲಿ ಈಗ ತಲೆಗೊಂದು ಪರದೆಯಿದೆ.

ಆ ಬಾಲಕನನ್ನು ನಾನು ಗದರಲಿಲ್ಲ. ತಪ್ಪು ಅವನದಲ್ಲ. ಅಂದಿನಿಂದ ವಾರಕ್ಕೊಂದು ಸಂಜೆ ಸೂರಃ ಯೂಸುಫ್‌ನ ಹತ್ತು ಆಯತ್‌ಗಳನ್ನು ಅರ್ಥಸಹಿತ ಓದುತ್ತಾ ಬಂದೆವು. ಧಾರಾವಾಹಿಯಲ್ಲಿದ್ದು ಇಲ್ಲಿ ಇಲ್ಲದ್ದನ್ನು ಕಪ್ಪು ಹಲಗೆಯ ಮೇಲೆ ಬರೆಯುವ ಕೆಲಸವನ್ನು ಅವನಿಗೇ ವಹಿಸಿದೆ. ಮೂರನೆಯ ವಾರಕ್ಕೆ ಹಲಗೆ ತುಂಬಿತು. ನಾಲ್ಕನೆಯ ವಾರ ಅವನ ತಂದೆ ಬಾಗಿಲ ಬಳಿ ಚಪ್ಪಲಿ ಕಳಚಿ, ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಬಂದು ಕುಳಿತರು.