ಬಾಗಿಲು ಮುಚ್ಚಿದ ಮೇಲಷ್ಟೇ ಸಂಬಳವೇ?

ಮಂಡಗದ್ದೆ, ತೀರ್ಥಹಳ್ಳಿ, ಹೊಸನಗರದವರಿಗೆ ವಿಮಾನ ಈಗ ದೂರದ ಮಾತಲ್ಲ. ಶಿವಮೊಗ್ಗ ಬಳಿಯ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಟಿಕೆಟ್ ದರ, ಹೊಸ ಮಾರ್ಗಗಳ ಬಗ್ಗೆ ಜಿಲ್ಲೆಯಲ್ಲಿ ಸಾಕಷ್ಟು ಚರ್ಚೆಯಾಗುತ್ತದೆ. ಈ ಉದ್ಯಮದಲ್ಲಿ ದುಡಿಯುವವರ ಸಂಬಳದ ಮಾತು ಮಾತ್ರ ಬರುವುದಿಲ್ಲ. ಮಲೆನಾಡಿನ ಹುಡುಗ ಹುಡುಗಿಯರು ಈ ಕೆಲಸದತ್ತ ನೋಡುತ್ತಿರುವಾಗ ಅದನ್ನೂ ಮಾತನಾಡಬೇಕು.

ವಿಮಾನ ಸಿಬ್ಬಂದಿಯ ಸಂಬಳ ಸಾಮಾನ್ಯವಾಗಿ ಎರಡು ಭಾಗ. ಮೂಲವೇತನ ನಿಶ್ಚಿತ, ಉಳಿದದ್ದು ಹಾರಾಟದ ಗಂಟೆಗಳ ಮೇಲಿನ ಭತ್ಯೆ. ಈ ಗಂಟೆಯ ಲೆಕ್ಕ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ. ಅದಕ್ಕೂ ಮೊದಲು ಪ್ರಯಾಣಿಕರನ್ನು ಕೂರಿಸುವುದು, ಸುರಕ್ಷತಾ ಸಲಕರಣೆ ತಪಾಸಣೆ, ಮಂಜು ಮುಸುಕಿದರೆ ಕಾಯುವುದು, ಇವೆಲ್ಲ ಕೆಲಸವೇ. ಆದರೂ ಆ ಲೆಕ್ಕದಿಂದ ಹೊರಗೆ. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಸುಮಾರು 10 ಸಾವಿರ ಸಿಬ್ಬಂದಿ ಮುಷ್ಕರ ಹೂಡಿದ್ದಕ್ಕೆ ನೆಲದ ಮೇಲಿನ ಈ ಬಿಟ್ಟಿ ದುಡಿಮೆಯೇ ಮುಖ್ಯ ಕಾರಣ.

ವಿಮಾನ ರದ್ದಾದರೆ, ಮಾರ್ಗ ನಿಂತರೆ ಭತ್ಯೆಯೂ ಕರಗುತ್ತದೆ. ಅಂದರೆ ಕಂಪನಿಯ ನಷ್ಟದ ಒಂದು ಪಾಲು ಮೊದಲೇ ನೌಕರರ ಹೆಗಲೇರಿರುತ್ತದೆ. ಕಂಪನಿಯೇ ಮುಳುಗಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಕಿಂಗ್‌ಫಿಷರ್ ಸಾಕ್ಷಿ. 2012ರ ಅಕ್ಟೋಬರ್‌ನಲ್ಲಿ ಅದರ ಹಾರಾಟ ನಿಂತಾಗ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಆ ಬಾಕಿಗಾಗಿ ಸುಮಾರು 312 ಕೋಟಿ ರೂಪಾಯಿ ಬಿಡುಗಡೆಗೆ ದಾರಿಯಾದದ್ದು 2025ರ ಡಿಸೆಂಬರ್‌ನಲ್ಲಿ. ಹದಿಮೂರು ವರ್ಷ!

ಅದೇ ಡಿಸೆಂಬರ್‌ನಲ್ಲಿ ಇಂಡಿಗೊದ ಸಾವಿರಾರು ವಿಮಾನಗಳು ರದ್ದಾದವು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಇಳಿಸುವ ವಿಮಾನಗಳಿಗೆ ಮಿತಿ ಹಾಕಿದ ನಿಯಮಕ್ಕೆ ಕಂಪನಿ ಸಿದ್ಧವಾಗಿರಲಿಲ್ಲ. ಕೊನೆಗೆ ಸಡಿಲಿಕೆ ಸಿಕ್ಕಿದ್ದು ಕಂಪನಿಗೆ. ದಣಿದ ಪೈಲಟ್ ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆ; ಸಂಬಳ ಸಿಗದ ಎಂಜಿನಿಯರ್ ಕೂಡ ಹಾಗೆಯೇ. ಸಿಬ್ಬಂದಿ ನಿರ್ವಹಣೆಯನ್ನು ಕಂಪನಿಯ ಒಳಮನೆ ವಿಚಾರವೆಂದು ಬಿಡಲಾಗದು.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಒಂದು ಅವಕಾಶ ಕೊಟ್ಟಿದೆ. ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ಹೆಚ್ಚುವರಿ ಭಾಗವನ್ನು ವೇತನವೆಂದೇ ಪರಿಗಣಿಸಬೇಕು. ಭತ್ಯೆಯ ಮೇಲೆಯೇ ನಿಂತ ವಿಮಾನ ಉದ್ಯಮದಲ್ಲಿ ಇದರಿಂದ ಗ್ರಾಚ್ಯುಯಿಟಿ ಹೆಚ್ಚಬೇಕು. ಕಾಗದದ ಮೇಲಿರುವುದನ್ನು ಸಂಬಳದ ಚೀಟಿಗೆ ಇಳಿಸುವ ಹೊಣೆ ಕಾರ್ಮಿಕ ಇಲಾಖೆಯದು.

ಸೋಗಾನೆ ನಿಲ್ದಾಣವನ್ನು ನಡೆಸುತ್ತಿರುವುದು ರಾಜ್ಯ ಸರ್ಕಾರದ್ದೇ ಆದ ಕೈಗಾರಿಕಾ ಮತ್ತು ಮೂಲಸೌಲಭ್ಯ ಅಭಿವೃದ್ಧಿ ನಿಗಮ. ಆದ್ದರಿಂದ ದೆಹಲಿಯ ಕಡೆ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಲಗೇಜು ಹೊರುವವರು, ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರನ್ನು ಒದಗಿಸುವ ಗುತ್ತಿಗೆದಾರರು ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಬ್ಯಾಂಕ್ ಖಾತೆಗೆ ಹಾಕಬೇಕು. ತಪ್ಪಿದರೆ ನಿಗಮವೇ ಕೊಟ್ಟು ಗುತ್ತಿಗೆ ಹಣದಲ್ಲಿ ಮುರಿದುಕೊಳ್ಳಬೇಕು. ಟೆಂಡರಿನಲ್ಲಿ ಈ ಷರತ್ತು ಸ್ಪಷ್ಟವಾಗಿ ಇರಲಿ, ಅದರ ಪಾಲನೆಯ ವರದಿ ಪ್ರತಿವರ್ಷ ಸಾರ್ವಜನಿಕರ ಮುಂದೆ ಬರಲಿ.