ಅಟ್ಟಕ್ಕೆ ಬೆಂಕಿ ಇಕ್ತೀನಿ ಅನ್ನೋದು ಬರೀ ಮಾತಲ್ಲ

ಬದುವಿನ ತಕರಾರು, ಪಕ್ಕದ ತೋಟಕ್ಕೆ ಉರುಳಿದ ಕಾಯಿ, ಕೊಳವೆಬಾವಿ ನೀರು. ಜಗಳ ಯಾವುದರಿಂದಲೇ ಶುರುವಾಗಲಿ, ಸಿಟ್ಟು ನೆತ್ತಿಗೇರಿದಾಗ ನಮ್ಮ ಕಡೆ ಕೇಳುವ ಮಾತೊಂದಿದೆ: “ನಿನ್ನ ಕೊಬ್ಬರಿ ಅಟ್ಟಕ್ಕೆ ಬೆಂಕಿ ಇಕ್ತೀನಿ, ನೋಡ್ತಾ ಇರು.”

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು–ಹನ್ನೊಂದು ತಿಂಗಳು ಅಟ್ಟದ ಮೇಲೆ ಇರಬೇಕು. ಮಗಳ ಮದುವೆ, ಸೊಸೈಟಿ ಸಾಲ, ಮಕ್ಕಳ ಫೀಸು ಎಲ್ಲ ಅಲ್ಲೇ ಕೂತಿರುತ್ತದೆ. ಒಣ ಸಿಪ್ಪೆಗೆ ಒಂದು ಕಡ್ಡಿ ಗೀರಿದರೆ ಸಾಕು. ಆದರೂ ಊರ ಹಿರಿಯರು, “ಏನೋ ಕೋಪದಲ್ಲಿ ಅಂದ, ಬಿಡಪ್ಪ, ರಾಜಿ ಆಗ್ರಿ” ಅಂತಾರೆ.

ಕಾನೂನು ಅಷ್ಟು ಸುಲಭಕ್ಕೆ ಬಿಟ್ಟಿಲ್ಲ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 351ನೇ ಕಲಂ ಅಂದರೆ ನಮಗೆಲ್ಲ ಗೊತ್ತಿದ್ದ ಹಳೇ 506. ಸಾಧಾರಣ ಬೆದರಿಕೆಗೆ 2 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕೊಲ್ಲುತ್ತೇನೆ, ಕೈಕಾಲು ಮುರಿಯುತ್ತೇನೆ, ಆಸ್ತಿ ಸುಡುತ್ತೇನೆ ಅಂತ ಹೆದರಿಸಿದರೆ 7 ವರ್ಷದವರೆಗೆ. ಅಟ್ಟದ ಮಾತು ಕೊಲೆ ಬೆದರಿಕೆಯ ಸಾಲಿನಲ್ಲೇ ಬರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ವಾಯ್ಸ್ ಕೂಡ ಲೆಕ್ಕಕ್ಕುಂಟು. ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ.

ಇಷ್ಟಿದ್ದರೂ ಠಾಣೆಗೆ ಹೋದವರು ಎನ್‌ಸಿಆರ್ ಅಂತ ಒಂದು ಹಿಂಬರಹ ಹಿಡಿದು ವಾಪಸ್ ಬರುತ್ತಾರೆ. ಪೊಲೀಸರು ದುಡ್ಡು ತಿಂದರು ಅಂತ ಬೈಯುತ್ತಾರೆ. ಇಲ್ಲಿ ಗಂಟು ಇರುವುದು ಕಾನೂನಿನಲ್ಲೇ. ಶಿಕ್ಷೆ 7 ವರ್ಷವಿದ್ದರೂ ಬರೀ ಬೆದರಿಕೆ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಜೊತೆಗೆ ಮನೆಗೆ ನುಗ್ಗಿದ್ದರೆ, ಹೆದರಿಸಿ ದುಡ್ಡು ಕಿತ್ತಿದ್ದರೆ ಆಗ ನೇರ ಎಫ್‌ಐಆರ್.

ಹಾಗಾದರೆ ಮೈಕ್ರೋಫೈನಾನ್ಸ್ ವಿಷಯದಲ್ಲಿ ಏನಾಯಿತು? 2025ರ ಫೆಬ್ರುವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು. ಕಂತಿಗಾಗಿ ಬಾಗಿಲಲ್ಲಿ ಕೂತು ಹೆದರಿಸಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಜಾಮೀನು ಸಿಗದ ಕೇಸು. ಪೊಲೀಸರು ದೂರು ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ಒಳ್ಳೆಯದೇ ಆಯಿತು. ಆದರೆ ಸಾಲದವನ ಬೆದರಿಕೆಗೆ ಎದ್ದು ನಿಲ್ಲುವ ಠಾಣೆ, ಪಕ್ಕದ ತೋಟದವನ ಬೆಂಕಿ ಬೆದರಿಕೆಗೆ ಕೋರ್ಟಿಗೆ ಹೋಗು ಅನ್ನುವುದು ಯಾವ ನ್ಯಾಯ?

ಎಲ್ಲ ಬೆದರಿಕೆಗೂ ಎಫ್‌ಐಆರ್ ಬೇಕು ಅಂತ ನಾನು ಹೇಳಲಾರೆ. ಹೊಡೆದಾಟದ ದೂರಿಗೆಲ್ಲ 504, 506 ಅಂಟಿಸುವುದು ನಮ್ಮಲ್ಲಿ ಹಳೇ ಚಾಳಿ, ನಾವೂ ಬರೆಸಿದವರೇ. ಬೆಂಗಳೂರು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ದೂರಿ ಬರೆದವರ ಮೇಲೂ 506 ಹಾಕಿದ್ದರು. 2015ರಲ್ಲಿ ಸುಪ್ರೀಂ ಕೋರ್ಟು ಆ ಕೇಸು ರದ್ದು ಮಾಡಿ, ಹೆದರಿಸುವ ಉದ್ದೇಶ ಇಲ್ಲದ ಬರೀ ಮಾತು ಅಪರಾಧ ಆಗದು ಅಂದಿತು. ಅದಕ್ಕೇ 2 ವರ್ಷದ ಬೆದರಿಕೆ ಈಗಿರುವಂತೆಯೇ ಇರಲಿ. ಜೀವ ತೆಗೆಯುವ, ಬೆಂಕಿ ಇಡುವ 7 ವರ್ಷದ ಬೆದರಿಕೆಗಾದರೂ ಠಾಣೆಯಲ್ಲೇ ನೇರವಾಗಿ ಕೇಸಾಗಬೇಕು.

ಅಲ್ಲಿಯವರೆಗೆ ಆ ಹಿಂಬರಹವನ್ನು ಮಡಚಿ ಪೆಟ್ಟಿಗೆಗೆ ಹಾಕಬೇಡಿ. ತನಿಖೆಗೆ ಆದೇಶ ಕೇಳುವ ದಾರಿ ಅದೇ. ಜೆಎಂಎಫ್‌ಸಿ ಕೋರ್ಟು ಮೂರೂ ತಾಲ್ಲೂಕು ಕೇಂದ್ರಗಳಲ್ಲಿದೆ. ಇನ್ನೊಂದು ದಾರಿ ಹಳೇ 107, ಈಗ ನಾಗರಿಕ ಸುರಕ್ಷಾ ಸಂಹಿತೆಯ 126. ಹೆದರಿಸಿದವನನ್ನು ತಹಶೀಲ್ದಾರರ ಮುಂದೆ ನಿಲ್ಲಿಸಿ, ಒಂದು ವರ್ಷದವರೆಗೆ ತಂಟೆಗೆ ಬರಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಒಂದು ವರ್ಷ ಅಂದರೆ ಅಟ್ಟದ ಕಾಯಿ ಕೊಬ್ಬರಿಯಾಗಿ ಮಾರ್ಕೆಟ್ಟಿಗೆ ಹೋಗುವಷ್ಟು ದಿನ.